ದೊಡ್ಡ ಹಡಗು, ಸಣ್ಣ ಹಡಗು ಮತ್ತು ನಮ್ಮ ಯಜಮಾನರ ಕಿವಿ

ನಮ್ಮ ಯಜಮಾನರಿಗೆ ಕಿವಿ ಕೇಳಿಸುವುದಿಲ್ಲ ಎನ್ನುವುದು ಬಹಳ ಕಾಲ ನನ್ನನ್ನು ಮತ್ತು ಒಬ್ಬ ಡಾಕ್ಟರನ್ನು ಬಿಟ್ಟು ಬೇರೆ ಯಾರಿಗೂ ಗೊತ್ತಿರಲಿಲ್ಲ. ಮಲ್ಲೇಶ್ವರದಲ್ಲಿರುವ ಮಗಳಿಗೂ ಗೊತ್ತಿರಲಿಲ್ಲ. ಅಪ್ಪನಿಗೆ ವಯಸ್ಸಾಯಿತು, ಮಾತು ಕಡಿಮೆ ಮಾಡಿದ್ದಾರೆ ಎಂದುಕೊಂಡಿದ್ದಳು. ಎಡಗಿವಿ ಪೂರ್ತಿ ಹೋಗಿದೆ. ಬಲಗಿವಿಯಲ್ಲಿ ಚೂರು ಉಳಿದಿದೆ. ಸುತ್ತ ಸದ್ದಿಲ್ಲದಿದ್ದರೆ, ಆ ಚೂರಿನಲ್ಲಿ ನನ್ನ ಧ್ವನಿಯೊಂದು ಹೇಗೋ ಒಳಗೆ ಹೋಗುತ್ತದೆ. ಮಷೀನು ಹಾಕಿಕೊಳ್ಳಿ ಎಂದು ಡಾಕ್ಟರು ಹೇಳಿದಾಗ, "ಅದನ್ನ ಕಿವೀಲಿ ಇಟ್ಕೊಂಡು ಓಡಾಡೋದೂ ಒಂದೇ, ಪೇಟೇಲಿ ಡಂಗುರ ಹೊಡ್ಸೋದೂ ಒಂದೇ" ಎಂದು ಎದ್ದು ಬಂದರು.

ಅವರು ಇಷ್ಟು ದಿನ ಇದನ್ನು ಮುಚ್ಚಿಟ್ಟುಕೊಂಡು ಬಂದದ್ದು ಅಂಗಡಿಯಲ್ಲಿ ಕಲಿತ ವಿದ್ಯೆಯಿಂದ. ಚಿಕ್ಕಪೇಟೆಯಲ್ಲಿ ಅವರ ತಾತನ ಕಾಲದಿಂದ ಸೀರೆ ಅಂಗಡಿ. ಗಿರಾಕಿಯ ಬಾಯಿ ನೋಡಬಾರದು, ಕೈ ನೋಡಬೇಕು ಎನ್ನುವುದು ಆ ಗಾದಿಯ ಮೇಲಿನ ಮೊದಲ ಪಾಠವಂತೆ. ಬಾಯಿ "ಬೇಡ, ಬಣ್ಣ ಗಾಢವಾಯ್ತು" ಎನ್ನುತ್ತಿರುತ್ತದೆ, ಕೈ ಸೆರಗನ್ನು ಬಿಟ್ಟಿರುವುದಿಲ್ಲ. ಅಂಥವರಿಗೆ ಇನ್ನೊಂದು ಸೀರೆ ಬಿಚ್ಚಬಾರದು, ಸುಮ್ಮನೆ ನಗಬೇಕು. ಹಾಗೆ ಕೈ ನೋಡಿ, ಮುಖ ನೋಡಿ, ನಕ್ಕು, ತಲೆಯಾಡಿಸಿ, "ಸಂತೋಷ, ಬಹಳ ಸಂತೋಷ" ಎಂದು ಅವರು ಕಿವಿಯಿಲ್ಲದೆಯೇ ವರ್ಷಗಟ್ಟಲೆ ವ್ಯಾಪಾರ ಮಾಡಿದರು. ಈಗ ಅಂಗಡಿಯನ್ನು ನನ್ನ ಮೈದುನನ ಮಗ ನೋಡಿಕೊಳ್ಳುತ್ತಾನೆ. ನಗು ಮಾತ್ರ ಇವರ ಜೊತೆ ಮನೆಗೆ ಬಂತು.

ನನಗೋ ಮೂಗಿನ ತುದಿಯಲ್ಲೇ ಕೋಪ. ಆದರೂ ಈ ಒಂದು ವಿಷಯದಲ್ಲಿ ನಾನು ಅವರಿಗೆ ಕಾವಲು. ಎಲ್ಲಿಗೆ ಹೋದರೂ ಬಲಗಡೆ ಕೂರುತ್ತೇನೆ. ಬೇರೆಯವರು ಹೇಳಿದ್ದನ್ನು ನನಗೇ ಅರ್ಥವಾಗದವಳ ಹಾಗೆ ಇನ್ನೊಂದು ಸಲ ಹೇಳುತ್ತೇನೆ. "ಅಂದ್ರೆ, ಮುಹೂರ್ತ ಹನ್ನೊಂದಕ್ಕೆ ಅಂದ್ರಾ?" ಎನ್ನುತ್ತೇನೆ. ನೆಂಟರು ನನ್ನನ್ನು ದಡ್ಡಿ ಎಂದುಕೊಂಡಿದ್ದರೆ ಎಂದುಕೊಳ್ಳಲಿ.

ನಮ್ಮ ಮದುವೆಯಾಗಿ ನಲವತ್ತು ವರ್ಷವಾಯಿತೆಂದು ಮಗಳು ಒಂದು ದಿನ ಬಂದು, "ನೀವಿಬ್ರೂ ಹಡಗಲ್ಲಿ ಹೋಗ್ಬನ್ನಿ. ದುಡ್ಡಿನ ಮಾತು ಎತ್ತಬೇಡಿ. ಯಾವ ಹಡಗು ಅನ್ನೋದನ್ನ ಮಾತ್ರ ನೀವು ಹೇಳಿ" ಎಂದಳು. ಸಂಪಿಗೆ ರಸ್ತೆಯ ಒಂದು ಮಹಡಿಯ ಮೇಲೆ ಪ್ರವಾಸದ ಆಫೀಸು. ಅಲ್ಲಿಗೆ ನಮ್ಮನ್ನು ಕಳಿಸಿದಳು.

ಅಲ್ಲಿದ್ದ ಹುಡುಗಿ ಎರಡು ಪುಸ್ತಕ ನಮ್ಮ ಮುಂದಿಟ್ಟಳು. ಒಂದು ದೊಡ್ಡ ಹಡಗು. ಮುಂಬೈಯಿಂದ ಹೊರಟು ಲಕ್ಷದ್ವೀಪಕ್ಕೆ ಹೋಗಿ ಬರುವಂಥದ್ದು, ಸಾವಿರಾರು ಜನ, ಈಜುಕೊಳ, ನಾಟಕದ ಹಾಲು, ಮಾಲು, ಎಲ್ಲ ಅದರೊಳಗೇ. ಇನ್ನೊಂದು ಸಣ್ಣದು. ಕೊಚ್ಚಿಯಿಂದ ಲಂಕೆಯ ಸುತ್ತ ಹೋಗುವ ಐಷಾರಾಮಿ ಹಡಗು, ಒಂದು ಮದುವೆಯ ಬೀಗರ ಪಂಕ್ತಿಗಿಂತ ಕಡಿಮೆ ಜನ. ಪ್ರತಿ ಕೋಣೆಗೂ ಕಿಟಕಿ. ಅಡಿಗೆಯವರು ಬಂದು ನಿಮಗೇನು ಇಷ್ಟ ಎಂದು ಕೇಳಿ ಮಾಡಿಕೊಡುತ್ತಾರಂತೆ.

ನಮ್ಮ ಯಜಮಾನರಿಗೆ ಹಡಗು ಆರಿಸಿ ಗೊತ್ತಿಲ್ಲ, ಛತ್ರ ಆರಿಸಿ ಗೊತ್ತು. ನಮ್ಮ ಕಡೆಯ ಯಾರ ಮನೆಯಲ್ಲಿ ಮದುವೆಯಾದರೂ ಛತ್ರ ನೋಡಲು ಇವರೇ ಹೋಗಬೇಕು. ಸ್ಟೇಜು, ದೀಪ ಇವೆಲ್ಲ ಆಮೇಲೆ. ಮೊದಲು ಅಡಿಗೆಮನೆ, ಕೈ ತೊಳೆಯುವ ಜಾಗ, ಬಚ್ಚಲಿನ ನಲ್ಲಿ. ಆ ಹುಡುಗಿಗೂ ಅದೇ ಪ್ರಶ್ನೆಗಳು ಹೋದವು. "ಒಂದು ಪಂಕ್ತಿಗೆ ಎಷ್ಟು ಜನ ಕೂರ್ತಾರೆ? ನೀರಿಗೆ ತೊಂದ್ರೆ ಇಲ್ವಲ್ಲ?"

"ಸರ್, ಸುತ್ತ ಸಮುದ್ರಾನೇ ಇರತ್ತೆ" ಎಂದು ಅವಳು ನಕ್ಕಳು.

"ಸುತ್ತ ಸಮುದ್ರಾನೇ ಇರತ್ತಂತೆ" ಎಂದು ನಾನು ದಡ್ಡಿಯ ಹಾಗೆ ಹೇಳಿದೆ.

"ಸಮುದ್ರದಲ್ಲಿ ಸ್ನಾನ ಮಾಡಿ ಲಿಂಗಪೂಜೆಗೆ ಕೂರೋಕಾಗಲ್ಲಮ್ಮ" ಎಂದರು. ಬೆಳಿಗ್ಗೆ ಒಂದು ಮಣೆ ಹಾಕುವಷ್ಟು ಜಾಗವೂ ಬೇಕಾಗಿತ್ತು ಅವರಿಗೆ. ಎರಡರಲ್ಲೂ ಇದೆ ಎಂದು ಗೊತ್ತಾದ ಮೇಲೆ ಹೊರಗೆ ಬಂದು, ಮೆಟ್ಟಿಲು ಇಳಿಯುತ್ತಲೇ ತೀರ್ಪು ಕೊಟ್ಟರು. "ದೊಡ್ಡದೇ ಆಗ್ಲಿ."

ನನಗೆ ಸಿಟ್ಟು ಬಂತು. ನಾನು ಸಣ್ಣದಕ್ಕೆ ಮನಸ್ಸು ಮಾಡಿದ್ದು ಯಾರಿಗೋಸ್ಕರ? ಜನ ಕಡಿಮೆ, ಗಲಾಟೆ ಕಡಿಮೆ, ಇವರ ಬಲಗಿವಿಗೆ ನೆಮ್ಮದಿ ಎಂದು. ಇವರಿಗೆ ನೋಡಿದರೆ ಜಾತ್ರೆ ಬೇಕು. "ನಿಮ್ಗೆ ಎಲ್ಲೋದ್ರೂ ಚಿಕ್ಕಪೇಟೆನೇ ಬೇಕಲ್ವಾ?" ಎಂದೆ. ಇವರಿಗೆ ಕೇಳಿಸಿತೋ ಇಲ್ಲವೋ, ಮೆಟ್ರೋ ಕಡೆಗೆ ನಡೆದರು.

ವಾರವೆಲ್ಲ ಮನೆಯಲ್ಲಿ ಇದೇ ಜಗಳ. ಕೊನೆಗೆ ನಾನೇ ಅವರ ದಾರಿಯಲ್ಲಿ ಹೋದೆ. ಛತ್ರ ಗೊತ್ತು ಮಾಡುವ ಮುಂಚೆ ನಮ್ಮವರಲ್ಲಿ ಒಂದು ಪದ್ಧತಿಯಿದೆ. ಅಡಿಗೆ ಕಂಟ್ರ್ಯಾಕ್ಟರು, "ಭಾನುವಾರ ಇನ್ನೊಬ್ರ ಮದುವೆ ಇದೆ, ಬಂದು ಎಲೆ ಮುಂದೆ ಕೂತು ನೋಡಿ" ಎನ್ನುತ್ತಾರೆ. ಗಂಡು ಯಾರೋ ಹೆಣ್ಣು ಯಾರೋ, ನಾವು ಹೋಗಿ ಉಂಡು, ಸಾರಿನ ಗುಣ ನೋಡಿ ಬರುತ್ತೇವೆ. ಹಡಗಿಗೂ ಅಂಥದ್ದೇನಾದರೂ ಉಂಟೇ ಎಂದು ಆಫೀಸಿನ ಹುಡುಗಿಗೆ ಫೋನು ಮಾಡಿದೆ. ಉಂಟಂತೆ. ಹೋದ ಸಲ ಸಣ್ಣ ಹಡಗಿನಲ್ಲಿ ಹೋಗಿಬಂದವರು ಬಸವನಗುಡಿಯ ಒಂದು ಮನೆಯಲ್ಲಿ ಸಂಜೆ ಸೇರುತ್ತಾರೆ, ಹಡಗಿನ ಹಾಗೇ ಎಲ್ಲರೂ ಒಂದೇ ಮೇಜಿಗೆ ಕೂತು ತಿಂಡಿ, ಬನ್ನಿ ಆಂಟಿ ಎಂದಳು. ಗೆದ್ದೆ ಎಂದುಕೊಂಡೆ.

ಒಳ್ಳೆಯ ಮನೆ, ಒಳ್ಳೆಯ ಜನ. ಉದ್ದನೆಯ ಮೇಜಿನ ಸುತ್ತ ಕೂತಾಗ ಮನೆಯ ಯಜಮಾನಿ, "ಹಡಗಲ್ಲಿ ಗಂಡ ಹೆಂಡ್ತಿನ ಪಕ್ಕಪಕ್ಕ ಕೂರ್ಸಲ್ಲ. ಹೊಸಬರ ಪರಿಚಯ ಆಗ್ಲಿ ಅಂತ" ಎಂದು ನಗುತ್ತಾ ನನ್ನ ಕೈ ಹಿಡಿದು ಆ ಕಡೆ ಕರೆದುಕೊಂಡು ಹೋದರು. ನಾನು ಬೇಡ ಎನ್ನುವಷ್ಟರಲ್ಲಿ ನಮ್ಮವರು ಮೇಜಿನ ಇನ್ನೊಂದು ತುದಿಯಲ್ಲಿದ್ದರು, ಎರಡೂ ಪಕ್ಕ ಅಪರಿಚಿತರು.

ಎಲ್ಲರೂ ಎಲ್ಲರ ಜೊತೆ ಮಾತಾಡುತ್ತಿದ್ದರು. ನೀವು ಎಲ್ಲಿಯವರು, ಮಕ್ಕಳೆಷ್ಟು, ಏನು ಓದುತ್ತೀರಿ. ನಮ್ಮವರು ನಗುತ್ತಿದ್ದರು, ತಲೆಯಾಡಿಸುತ್ತಿದ್ದರು. ನಾನು ಉಪ್ಪಿಟ್ಟು ಬಿಟ್ಟು ಅವರನ್ನೇ ನೋಡುತ್ತಿದ್ದೆ. ಅವರ ಪಕ್ಕದಲ್ಲಿದ್ದ ಹೆಂಗಸು, ಬಿಳಿ ಕೂದಲು, ತುಂಬ ಶಾಂತವಾದ ಮುಖ, ಕಿರುನಗೆಯಲ್ಲೇ ಹೇಳುತ್ತಿದ್ದರು. ಗಂಡನ ಜೊತೆ ಹೋದ ಕೊನೆಯ ಪ್ರವಾಸ ಅದಂತೆ, ವಾಪಸು ಬಂದ ಸ್ವಲ್ಪ ದಿನಕ್ಕೇ ಅವರು ತೀರಿಕೊಂಡರಂತೆ. ಮೇಜೆಲ್ಲ ಸುಮ್ಮನಾಯಿತು. ಆಕೆಯ ನಗೆಯನ್ನು ನೋಡಿದ ನಮ್ಮವರು ದೊಡ್ಡದಾಗಿ ನಕ್ಕು, "ಸಂತೋಷ, ಬಹಳ ಸಂತೋಷ" ಎಂದರು.

ಆಕೆ ತಟ್ಟೆಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿಕೊಂಡರು ಅಷ್ಟೇ. ಕೈ ನೋಡಿ ಓದುವ ಮನುಷ್ಯನಿಗೆ ಅಷ್ಟು ಸಾಕಾಯಿತು. ನಮ್ಮವರ ಮುಖ ಕಪ್ಪಿಟ್ಟಿತು. ಹೊರಡುವಾಗ ನಾನೇ ಆಕೆಯ ಬಳಿ ಹೋಗಿ ಕ್ಷಮೆ ಕೇಳಿದೆ. ಕಾರಣ ಹೇಳುವ ಹಾಗಿರಲಿಲ್ಲ. ಆಟೋದಲ್ಲಿ ಚಾಮರಾಜಪೇಟೆಯ ನಮ್ಮ ಮನೆ ಬರುವವರೆಗೂ ನಮ್ಮವರು ನನ್ನ ಕಡೆ ತಿರುಗಲಿಲ್ಲ.

ಮರುದಿನ ಬೆಳಿಗ್ಗೆ ಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಹಸಿಯಾಗಿರುವಾಗಲೇ, ಅಡಿಗೆಮನೆಗೆ ಬಂದು ನೆಲದ ಮೇಲೆ ಕೂತರು. "ಆ ಯಮ್ಮ ಏನು ಹೇಳ್ತಿದ್ರು?"

ಹೇಳಿದೆ.

"ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ ಅಂತಾರೆ" ಎಂದರು. "ಇದಕ್ಕೇ ಕಣೇ ನಾನು ದೊಡ್ಡ ಹಡಗು ಅಂದಿದ್ದು. ಸಾವಿರಾರು ಜನದಲ್ಲಿ ಯಾರಿಗೆ ಯಾರು? ಯಾರೂ ನನ್ನ ಏನೂ ಕೇಳಲ್ಲ. ಅಲ್ಲಿ ನಾನೊಬ್ಬ ಕಿವುಡ ಅಂತ ಯಾರಿಗೂ ಗೊತ್ತಾಗೋದೇ ಬೇಡ. ಸಣ್ಣ ಹಡಗಲ್ಲಿ ಎಲ್ರೂ ಮಾತಾಡ್ಸ್ತಾರೆ. ಅವರು ಒಳ್ಳೆಯವರಾದಷ್ಟೂ ನಂಗೆ ಕಷ್ಟ."

ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು, ಇಳಿಸಲು ಕೈ ಬರಲಿಲ್ಲ. ಇಷ್ಟು ವರ್ಷ ಬಲಗಡೆ ಕೂತವಳು ನಾನು, ಸದ್ದಿಗೆ ಹೆದರಿದ್ದಾರೆ ಎಂದುಕೊಂಡಿದ್ದೆ. ಇವರು ಹೆದರಿದ್ದು ಮಾತಿಗೆ. ಅಯ್ಯೋ ಪಾಪ ಎನ್ನಿಸಿತು. "ದೊಡ್ಡದಕ್ಕೇ ಹೋಗೋಣ ಬಿಡಿ" ಎಂದೆ.

ಹೋದೆವು. ಮುಂಬೈಯಲ್ಲಿ ಹಡಗು ನೋಡಿದಾಗ ಸಮುದ್ರವೇ ಕಾಣಲಿಲ್ಲ, ಅಷ್ಟು ದೊಡ್ಡದು. ಮೊದಲ ದಿನ ನಮ್ಮವರು ಮದುಮಗನ ಹಾಗೆ ಓಡಾಡಿದರು. ಯಾರು ಎದುರಾದರೂ ತಲೆಯಾಡಿಸುವುದು, ಅವರೂ ಆಡಿಸುವುದು, ಅಷ್ಟಕ್ಕೇ ಮುಗಿಯಿತು. ಊಟದ ಹಾಲ್‌ನ ಪಕ್ಕ ಅಡಿಗೆಮನೆ ಇಣುಕಿ ನೋಡಲು ಹೋಗಿ ಬೈಸಿಕೊಂಡು ಬಂದರು, ಬೈದದ್ದೂ ಕೇಳಿಸಲಿಲ್ಲ. ಸಂಜೆಯ ಹೊತ್ತಿಗೆ ಚಿಕ್ಕಪೇಟೆಯ ಸಗಟು ವ್ಯಾಪಾರಿಯೊಬ್ಬರ ಸಂಸಾರ ಎದುರಾಯಿತು. ಹಳೆಯ ಪರಿಚಯ. ಆ ಮನೆಯವರ ಬಾಯಿಗೆ ಬಿದ್ದ ಸುದ್ದಿ ಪೇಟೆಯ ಅಂಗಡಿ ಅಂಗಡಿಗೂ ತಲುಪುತ್ತದೆ. ನಮ್ಮವರು ನಕ್ಕು, ಕೈಮುಗಿದು, ಅವಸರ ಇರುವವರ ಹಾಗೆ ಜಾರಿಕೊಂಡರು. ಆ ಜಾತ್ರೆಯಲ್ಲಿ ಜಾರಿಕೊಳ್ಳುವುದು ಸುಲಭ.

ಆದರೆ ಎಲ್ಲೆಲ್ಲೂ ಸ್ಪೀಕರು. ಈಜುಕೊಳದ ಹತ್ತಿರ ಹಾಡು, ಊಟದಲ್ಲಿ ಹಾಡು, ಲಿಫ್ಟಿನಲ್ಲೂ ಹಾಡು. ಕೋಣೆಗೆ ಬಂದರೆ ಏಸಿ ಗುಯ್ಯೆನ್ನುತ್ತಿತ್ತು, ಅದರ ಕೆಳಗೆ ಎಂಜಿನ್ನಿನ ಗುರುಗುರು. ನಾನು ಬಲಗಡೆಯೇ ಕೂತು, ಬಾಯಿಯನ್ನು ಕಿವಿಗೇ ಹಚ್ಚಿ ಮಾತಾಡಿದರೂ ಒಂದಕ್ಷರ ಒಳಗೆ ಹೋಗಲಿಲ್ಲ. ಕೂಗಿ ಹೇಳಿದರೆ ಜನ ತಿರುಗಿ ನೋಡುತ್ತಾರೆ. ಕೂಗುವುದನ್ನು ಬಿಟ್ಟೆ.

ಎರಡನೆಯ ದಿನ ಮಧ್ಯಾಹ್ನ ಹಡಗಿನ ಅಂಚಿನ ಕಟಕಟೆ ಹಿಡಿದು ನಿಂತಿದ್ದಾಗ, ನೀರಿನಿಂದ ಸಣ್ಣ ಸಣ್ಣ ಮೀನುಗಳ ಹಿಂಡು ಎದ್ದು ಹಾರಿ ಮತ್ತೆ ಬಿತ್ತು. ಮೀನು ಹಾರುವುದನ್ನು ನಾನು ಕಂಡಿರಲಿಲ್ಲ. ಇವರ ತೋಳು ಅಲುಗಾಡಿಸಿ ಏನೇನೋ ಹೇಳಿದೆ. ಅವರು ನನ್ನ ತುಟಿ ನೋಡಿದರು, ಮುಖ ನೋಡಿದರು, ಆಮೇಲೆ ನಕ್ಕು ತಲೆಯಾಡಿಸಿದರು. ಅದು ಗಿರಾಕಿಗಳಿಗೆಂದು ಇಟ್ಟ ನಗು. ನಲವತ್ತು ವರ್ಷದಲ್ಲಿ ಒಂದು ದಿನವೂ ಆ ನಗು ನನ್ನ ಪಾಲಿಗೆ ಬಂದಿರಲಿಲ್ಲ. ನನಗೆ ಅಳು ಬಂತು, ಗಾಳಿಗೆ ಕಣ್ಣು ಉರಿಯುತ್ತಿದೆ ಎಂದು ಸನ್ನೆ ಮಾಡಿ ಕೋಣೆಗೆ ಹೋದೆ. ಆಮೇಲೆ ನಾನು ಮಾತೇ ಆಡಲಿಲ್ಲ. ಮುನಿಸೇನಲ್ಲ, ಆಡಿ ಏನು ಪ್ರಯೋಜನ ಎನ್ನಿಸಿತು. ಇವರು ಎರಡು ಮೂರು ಸಲ ನನ್ನ ಮುಖ ನೋಡಿದರು.

ಅವತ್ತು ಸಂಜೆ ಊಟಕ್ಕೆ ದೊಡ್ಡ ಸಾಲು. ಜಾಗ ತೋರಿಸುವ ಮೇಲ್ವಿಚಾರಕರು ಮಂಗಳೂರಿನ ಕಡೆಯವರು, ಮೊದಲ ದಿನವೇ ನಮ್ಮ ಮಾತು ಕೇಳಿ ಕನ್ನಡದಲ್ಲೇ ನಮಸ್ಕಾರ ಎಂದಿದ್ದರು. ನಮ್ಮ ಹಿಂದೆಯೇ ಆ ಚಿಕ್ಕಪೇಟೆಯ ಸಂಸಾರ, ಗಂಡ, ಹೆಂಡತಿ, ಸೊಸೆ. ನಮ್ಮ ಸರದಿ ಬಂದಾಗ ಎಂದಿನ ಹಾಗೆ ನಾನು ಬಾಯಿ ತೆರೆದೆ. ಇವರು ನನ್ನ ಕೈ ಹಿಡಿದು ತಡೆದರು.

ಕಿವಿ ಕೇಳದವರ ಮಾತು ಯಾವಾಗಲೂ ಜೋರು. ಇಷ್ಟು ವರ್ಷ ಅದನ್ನೂ ಹಿಡಿತದಲ್ಲಿಟ್ಟುಕೊಂಡಿದ್ದವರು ಅವತ್ತು ಬಿಟ್ಟುಬಿಟ್ಟರು.

"ನಂಗೆ ಕಿವಿ ಕೇಳ್ಸಲ್ಲ ಸ್ವಾಮಿ" ಎಂದರು. "ಒಂದು ಪೂರ್ತಿ ಹೋಗಿದೆ. ಇನ್ನೊಂದ್ರಲ್ಲಿ ಇವಳ ಮಾತು ಮಾತ್ರ ಕೇಳ್ಸತ್ತೆ, ಅದೂ ಸದ್ದಿಲ್ದಿದ್ರೆ. ಇಲ್ಲಿಗೆ ಬಂದ ಮೇಲೆ ಅದೂ ಇಲ್ಲ. ಇವಳ ಮಾತು ಕೇಳ್ದೆ ನಂಗೆ ಊಟ ಸೇರ್ತಿಲ್ಲ. ಎಲ್ಲಾದ್ರೂ ಹಾಡು ಬರ್ದಿರೋ ಮೂಲೆ ಇದ್ರೆ ನಮ್ಮನ್ನ ಅಲ್ಲಿ ಕೂರ್ಸಿ."

ಸಾಲು ಪೂರ್ತಿ ಕೇಳಿಸಿಕೊಂಡಿತು. ಚಿಕ್ಕಪೇಟೆಯೂ ಕೇಳಿಸಿಕೊಂಡಿತು. ಸೊಸೆ ಅತ್ತೆಯ ಮುಖ ನೋಡಿದಳು. ನಮ್ಮವರು ಹಿಂದಕ್ಕೆ ತಿರುಗಿ ಅವರಿಗೂ ಅದನ್ನೇ ಹೇಳಿದರು. "ಕೇಳ್ಸಲ್ಲ ಕಣ್ರೀ. ಬಹಳ ದಿನ ಆಯ್ತು." ನಗಲಿಲ್ಲ, ತಲೆಯಾಡಿಸಲಿಲ್ಲ.

ಮಂಗಳೂರಿನವರು ನಮ್ಮನ್ನು ಊಟದ ಹಾಲ್‌ನ ಹಿಂಬದಿಗೆ, ಗಾಜಿನ ಬಾಗಿಲ ಆಚೆಗೆ ಕರೆದುಕೊಂಡು ಹೋದರು. ಅಲ್ಲಿ ಒಂದು ಸಣ್ಣ ಮೇಜು. ಅವರೇ ಬಾಗಿಲು ಎಳೆದು ಹೋದರು. ಹಾಡು ನಿಂತುಹೋಯಿತು. ಎರಡು ತಟ್ಟೆ ಬಂತು, ಅನ್ನ, ಸಾರು, ಯಾವುದೋ ಪಲ್ಯ.

ಯಜಮಾನರು ಬಲಗಿವಿ ನನ್ನ ಕಡೆ ಬರುವ ಹಾಗೆ ತಮ್ಮ ಕುರ್ಚಿಯನ್ನು ನನ್ನ ಎಡಕ್ಕೆ ಎಳೆದುಕೊಂಡು ಕೂತರು. "ಹೇಳು" ಎಂದರು.

"ಏನ್ ಹೇಳ್ಲಿ?"

"ಏನಾದ್ರೂ."

ಮೀನಿನ ಸಂಗತಿಯನ್ನು ಆಮೇಲಿಗೆ ಇಟ್ಟುಕೊಂಡು, ಅನ್ನಕ್ಕೆ ಸಾರು ಕಲಸಿ ಒಂದು ತುತ್ತು ಬಾಯಿಗಿಟ್ಟೆ. "ಸಾರಿಗೆ ಉಪ್ಪು ಜಾಸ್ತಿಯಾಗಿದೆ" ಎಂದೆ, ಮೆಲ್ಲಗೆ.

"ಹೂಂ ಕಣೇ, ಜಾಸ್ತಿನೇ ಆಗಿದೆ" ಎಂದರು. ಅವರ ತಟ್ಟೆಯ ಸಾರನ್ನು ಅವರಿನ್ನೂ ಮುಟ್ಟಿಯೇ ಇರಲಿಲ್ಲ.