ಸೋಲದ ಡೆಕ್

ನನ್ನ ಹೆಂಡತಿಯ ಬಲಗೈಯಿಂದ ಮೊದಲು ಬಿದ್ದದ್ದು ಸೌಟು. ಬೆಳಗ್ಗೆ, ಬಿಕರ್ನಕಟ್ಟೆಯ ನಮ್ಮ ಮನೆಯ ಅಡುಗೆಕೋಣೆಯಲ್ಲಿ. ಅವಳು ಬಿದ್ದ ಸೌಟನ್ನು ನೋಡುತ್ತ ನಿಂತಳೇ ಹೊರತು ಎತ್ತಲಿಲ್ಲ. "ಎಂತ ಆಯ್ತು?" ಎಂದು ಕೇಳಿದೆ. ಏನೋ ಹೇಳಿದಳು, ಅದು ಯಾವ ಭಾಷೆಯೂ ಆಗಿರಲಿಲ್ಲ. ತುಟಿಯ ಒಂದು ಬದಿ ಕೆಳಗೆ ಜಾರಿತ್ತು. ಒಲೆ ಆರಿಸಿದೆ, ಬಾಗಿಲಿಗೆ ಚಿಲಕ ಹಾಕಿದೆ, ರಿಕ್ಷಾ ನಿಲ್ಲಿಸಿ ಆಸ್ಪತ್ರೆಗೆ ಸೇರಿಸಿದೆ. ಪಾರ್ಶ್ವವಾಯು. ಬೇಗ ತಂದದ್ದು ಒಳ್ಳೆಯದಾಯಿತು ಎಂದರು ಡಾಕ್ಟರು. ಮಾತು ಹೆಚ್ಚುಕಡಿಮೆ ಪೂರ್ತಿ ಮರಳಿತು, ಬಲಗೈ ಮಾತ್ರ ಹಿಂದೆ ಉಳಿಯಿತು. "ಇನ್ನೊಮ್ಮೆ ಆಗಬಹುದು, ಆಗದೆಯೂ ಇರಬಹುದು" ಎಂದು ಡಾಕ್ಟರು ಹೇಳಿದ್ದನ್ನು ಅವಳು ಆಸ್ಪತ್ರೆಯಲ್ಲೇ ಬಿಟ್ಟು ಬಂದಳು. ನಾನು ಮನೆಗೆ ತಂದೆ.

ಹೆದರುವುದು ನನಗೆ ಹೊಸತಲ್ಲ. ಕಾಟಿಪಳ್ಳದ ಆಚೆಯ ಒಂದು ಕಾರ್ಖಾನೆಯಲ್ಲಿ ನಿವೃತ್ತಿಯಾಗುವವರೆಗೆ ಸುರಕ್ಷತಾ ವಿಭಾಗದಲ್ಲಿದ್ದೆ. ಉಳಿದವರು ಹೆದರದೆ ಕೆಲಸ ಮಾಡಲಿ ಎಂದು ಅವರ ಪರವಾಗಿ ಹೆದರುವುದೇ ನಮ್ಮ ಕೆಲಸ. ಅದಕ್ಕೂ ಒಂದು ಕ್ರಮವಿತ್ತು. ಯಾರಾದರೂ ಯಂತ್ರದೊಳಗೆ ರಿಪೇರಿಗೆ ಇಳಿಯುವ ಮೊದಲು, ಬೇರೆ ಯಾರೂ ಅದನ್ನು ಚಾಲೂ ಮಾಡದಂತೆ, ಅದರ ಸ್ವಿಚ್ಚಿಗೆ ತನ್ನ ಬೀಗ ಹಾಕಿ ಕೀಲಿಯನ್ನು ಜೇಬಿನಲ್ಲಿಟ್ಟುಕೊಳ್ಳಬೇಕು. ಹಾಕಿದವನೇ ತೆಗೆಯಬೇಕು, ಮ್ಯಾನೇಜರ್ ಬಂದು ಹೇಳಿದರೂ ಇನ್ನೊಬ್ಬನ ಬೀಗ ಮುಟ್ಟುವಂತಿಲ್ಲ. ಈ ನಿಯಮವನ್ನು ನಾನು ಊಟಕ್ಕೆ ಕೂತಾಗಲೂ ಹೇಳುತ್ತಿದ್ದೆನಂತೆ. ಹೆಂಡತಿಗೆ ಸಾರಿನ ಅಳತೆಯಷ್ಟೇ ಚೆನ್ನಾಗಿ ಅದು ಗೊತ್ತಿತ್ತು.

ಮನೆಗೆ ಬಂದ ಮೇಲೆ ಅವಳಿಗೂ ಒಂದು ಡ್ರಿಲ್ ಇಟ್ಟೆ. ಬೆಳಗ್ಗೆ ಎದ್ದ ಕೂಡಲೇ ನಗಬೇಕು, ಎರಡೂ ಕೈ ಎತ್ತಬೇಕು, ಒಂದು ವಾಕ್ಯ ಹೇಳಬೇಕು. ತುಟಿ, ತೋಳು, ಮಾತು ಮೂರೂ ಸರಿಯಿದ್ದರೆ ಆಮೇಲೆ ಗಂಜಿ. ಮೊದಮೊದಲು ಅವಳು "ಇವತ್ತು ಸೋಮವಾರ" ಎಂಬಂಥ ವಾಕ್ಯ ಹೇಳುತ್ತಿದ್ದಳು. ಬರಬರುತ್ತ ಅದು "ನಿಮ್ಮ ಮೂಗಿನ ಕೂದಲು ತೆಗೀಲಿಕ್ಕೆ ಉಂಟು" ಎಂಬಲ್ಲಿಗೆ ಮುಟ್ಟಿತು.

ಕಾರ್ಡು ಬಂದದ್ದು ಆ ಬಲಗೈಗಾಗಿ. ಹಿಸುಕಲು ಒಂದು ರಬ್ಬರ್ ಚೆಂಡು ಬೇಕೆಂದಿದ್ದರು ಡಾಕ್ಟರು. ಅದನ್ನು ಹುಡುಕಿಕೊಂಡು ಕುದ್ರೋಳಿಯ ಆಟಿಕೆ ಅಂಗಡಿಯೊಂದಕ್ಕೆ ಹೋಗಿದ್ದೆ. ಅಂಗಡಿಯವರು ಗಲ್ಫ್‌ನಲ್ಲಿ ಬಹಳ ಕಾಲ ಇದ್ದು ಬಂದ ಬ್ಯಾರಿ ಮುಸ್ಲಿಮರು. ಅಲ್ಲಿ ಕೋಣೆಯಲ್ಲಿ ಜೊತೆಗಿದ್ದ ಫಿಲಿಪೀನ್ಸ್‌ನವನೊಬ್ಬನಿಂದ ಕಲಿತ ಕಾರ್ಡಿನ ಆಟವನ್ನು ಈಗ ಭಾನುವಾರಗಳಂದು ಅಂಗಡಿಯ ಮಾಳಿಗೆಯಲ್ಲಿ ಆಡಿಸುತ್ತಿದ್ದರು. ವಿಷಯ ಕೇಳಿ, "ಚೆಂಡು ಹಿಸುಕಿದರೆ ಕೈಗೆ ಮಾತ್ರ ಕೆಲಸ ಸರ್. ಇದನ್ನು ಕೊಡಿ, ಅಕ್ಕನ ತಲೆಗೂ ಕೆಲಸ ಆಗ್ತದೆ" ಎಂದು ಒಂದು ಡಬ್ಬಿ ಹಳೆಯ ಕಾರ್ಡು ಕೊಟ್ಟರು.

ಇದು ಇಸ್ಪೀಟಲ್ಲ. ಸಾವಿರಾರು ಬಗೆಯ ಕಾರ್ಡುಗಳಿವೆ. ಅವುಗಳಿಂದ ಆಟಗಾರರು ತಮಗೆ ಬೇಕಾದ ಅರವತ್ತನ್ನು ಆರಿಸಿ ಸ್ವಂತ ಡೆಕ್ ಕಟ್ಟಿಕೊಳ್ಳಬೇಕು. ಅಟ್ಯಾಕರ್ ಕಾರ್ಡು ಎದುರಾಳಿಯ ಅಂಕ ಇಳಿಸುತ್ತದೆ, ಬ್ಲಾಕರ್ ಅದನ್ನು ತಡೆಯುತ್ತದೆ, ಇವೆರಡನ್ನು ಬಳಸಲು ಎನರ್ಜಿ ಕಾರ್ಡು ಬೇಕು. ಅಂಕ ಸೊನ್ನೆಯಾದವರು ಸೋತಂತೆ. ಆ ಅಂಕಗಳಿಗೆ ಅಲ್ಲಿ ಲೈಫ್ ಎನ್ನುತ್ತಾರೆ. ನನಗೆ ಆ ಶಬ್ದ ಹಿಡಿಸಲಿಲ್ಲ. ಮನೆಯಲ್ಲಿ ನಾವು ಅಂಕ ಎಂದೇ ಹೇಳುತ್ತಿದ್ದೆವು.

ಅವಳು ಆಟವನ್ನು ಹಿಡಿದ ಬಗೆ ನೋಡಿ ನನಗೆ ಆಶ್ಚರ್ಯ. ಕಾರ್ಡಿನ ಮೇಲಿನ ಇಂಗ್ಲಿಷನ್ನು ಗಟ್ಟಿಯಾಗಿ ಓದುತ್ತಿದ್ದಳು. ನಾಲಿಗೆಗೆ ಅದೇ ವ್ಯಾಯಾಮವಾಯಿತು. ಬಲಗೈಯಲ್ಲಿ ಏಳು ಕಾರ್ಡನ್ನು ಬೀಸಣಿಗೆಯಂತೆ ಹಿಡಿಯಲು ವಾರಗಟ್ಟಲೆ ಒದ್ದಾಡಿದಳು. ಹಿಡಿಯಲು ಬಂದ ದಿನ ಪಕ್ಕದ ಮನೆಯವರನ್ನು ಕರೆದು ತೋರಿಸಿದಳು.

ಡೆಕ್ ಕಟ್ಟುವ ಕೆಲಸವನ್ನು ನಾನು ವಹಿಸಿಕೊಂಡೆ. ಗಂಜಿ ಮುಗಿಸಿ ಮೇಜು ಒರೆಸಿ ಕಾರ್ಡುಗಳನ್ನು ಬಗೆಬಗೆಯಾಗಿ ಸಾಲಿಟ್ಟು ಕೂರುತ್ತಿದ್ದೆ. ಕಲಸಿ ಏಳು ತೆಗೆದು ನೋಡುವುದು, ಎನರ್ಜಿ ಸಾಕಷ್ಟು ಬಂತೇ ಎಂದು ಪರೀಕ್ಷಿಸುವುದು, ಮತ್ತೆ ಕಲಸುವುದು. ಆಮೇಲೆ ಉಳಿದ ಕಾರ್ಡುಗಳಿಂದ ನಾನೊಂದು ಡೆಕ್ ಮಾಡಿಕೊಂಡು ಅವಳ ಎದುರು ಆಡುತ್ತಿದ್ದೆ. ಅವಳು ಸೋತರೆ, ಯಾವ ಏಟಿಗೆ ಸೋತಳು ಎಂದು ಹುಡುಕಿ ಅದನ್ನು ತಡೆಯುವ ಒಂದು ಬ್ಲಾಕರ್ ಸೇರಿಸುತ್ತಿದ್ದೆ. ಅರವತ್ತು ಮೀರಬಾರದು, ಒಂದು ಒಳಗೆ ಹೋದರೆ ಒಂದು ಹೊರಗೆ ಬರಬೇಕು. ಪ್ರತಿ ಸಲ ಒಂದು ಅಟ್ಯಾಕರ್ ಹೊರಗೆ ಬಂತು.

"ಇದು ಡೆಕ್ಕಾ, ಕಾಂಪೌಂಡ್ ಗೋಡೆಯಾ?" ಎಂದು ಅವಳು ಒಂದು ದಿನ ಕೇಳಿದಳು.

"ಸೋಲಿಲ್ಲವಲ್ಲ ಈಗ."

"ಗೆಲುವೂ ಇಲ್ಲ ಮಾರಾಯ್ರೇ. ಕಳ್ಳ ಬರಬಾರದು ಅಂತ ಬಾಗಿಲೇ ಇಡದೆ ಮನೆ ಕಟ್ಟಿದ ಹಾಗೆ ಆಯ್ತು."

ನಾನು ನಕ್ಕೆ, ಕಾರ್ಡು ಬದಲಿಸಲಿಲ್ಲ. ಅವಳು ಸೋಲದ ದಿನ ನನಗೆ ಮಧ್ಯಾಹ್ನ ಸ್ವಲ್ಪ ಕಣ್ಣು ಹತ್ತುತ್ತಿತ್ತು.

ಆಗ ಅಂಗಡಿಯವರು ಒಂದು ಸ್ಪರ್ಧೆ ಇಟ್ಟರು. ಭಾನುವಾರ, ಮೂರು ಸುತ್ತು. ಅವಳು ಹೋಗಿಯೇ ಸಿದ್ಧ ಎಂದಳು. ಡಾಕ್ಟರನ್ನು ಕೇಳಿದೆ, ಅವರಾದರೂ ಬೇಡವೆನ್ನಲಿ ಎಂದು. "ಹೋಗಲಿ, ಒಳ್ಳೆಯದೇ. ಆದರೆ ತೀರಾ ದಣಿಯಲಿಕ್ಕೆ ಬಿಡಬೇಡಿ. ಬಾಯಿ ವಾಲಿದರೆ, ಮಾತು ತೊದಲಿದರೆ ಕಾಯಬೇಡಿ, ಸೀದಾ ಕರೆದುಕೊಂಡು ಬನ್ನಿ" ಎಂದರು. ನನಗೆ ಕೇಳಿಸಿದ್ದು ಕೊನೆಯ ಮಾತು ಮಾತ್ರ.

ಶನಿವಾರ ಒಬ್ಬನೇ ಕುದ್ರೋಳಿಗೆ ಹೋಗಿ ಮಾಳಿಗೆಯ ಮೆಟ್ಟಿಲು ಹತ್ತಿ ಇಳಿದೆ. ಕಡಿದಾದ ಮರದ ಮೆಟ್ಟಿಲು. ಹಿಡಿಕೆ ಒಂದೇ ಬದಿಗೆ, ಇಳಿಯುವಾಗ ಬಲಕ್ಕೆ. ಅವಳ ನಿಶ್ಶಕ್ತ ಕೈಯ ಬದಿಗೆ. ಕಿಟಕಿಯ ಹತ್ತಿರದ ಮೇಜು ಅವಳಿಗೆ ಬೇಕೆಂದು ಕೇಳಿದೆ. ಒಬ್ಬ ರಿಕ್ಷಾದವನ ನಂಬರ್ ತೆಗೆದುಕೊಂಡೆ, ಆಸ್ಪತ್ರೆಗೆ ಯಾವ ದಾರಿ ಎಂದು ಅವನಿಗೆ ಮೊದಲೇ ತೋರಿಸಿದೆ. ಅಂಗಡಿಯವರು ನನ್ನನ್ನೇ ನೋಡುತ್ತಿದ್ದರು.

"ಸರ್, ಇಲ್ಲಿ ಕಾರ್ಡು ಆಡುವುದು. ಹಡಗು ನೀರಿಗೆ ಇಳಿಸುವುದಲ್ಲ."

"ನಿಮಗೆ ಗೊತ್ತಾಗುವುದಿಲ್ಲ ಸಾಹೇಬ್ರೇ."

"ಗೊತ್ತುಂಟು ಸರ್" ಎಂದರು, ಈ ಸಲ ನಗದೆ. "ನಮ್ಮ ಉಮ್ಮನಿಗೂ ಹೀಗೇ ಆಗಿತ್ತು." ಅವರ ತಾಯಿಗೆ ಆಮೇಲೆ ಏನಾಯಿತು ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ಭಾನುವಾರ ಬೆಳಗ್ಗೆ ಡ್ರಿಲ್ ಸರಿಯಾಯಿತು. ಆ ದಿನದ ವಾಕ್ಯ: "ಇವತ್ತು ನೀವು ಬಾಯಿ ಮುಚ್ಚಿ ಕೂತುಕೊಳ್ಳಬೇಕು."

ಮೊದಲ ಸುತ್ತಿನಲ್ಲಿ ಎದುರಿಗೆ ಕೊರಿಯರ್ ಕೆಲಸದ ಯುವಕ. ಅವನು ಹೊಡೆದದ್ದನ್ನೆಲ್ಲ ಅವಳ ಬ್ಲಾಕರ್‌ಗಳು ತಡೆದವು. ಬೇರೆ ಮೇಜುಗಳ ಆಟ ಮುಗಿದು, ಜನ ಎದ್ದು ಚಾ ಕುಡಿದು ಬಂದರೂ ಈ ಮೇಜಿನಲ್ಲಿ ಆಟ ನಡೆಯುತ್ತಲೇ ಇತ್ತು. ಸಮಯ ಮುಗಿದ ಗಂಟೆ ಬಾರಿಸಿದಾಗ ಇಬ್ಬರದೂ ಸಮ. ಯುವಕ ಕುತ್ತಿಗೆ ಒತ್ತಿಕೊಳ್ಳುತ್ತ ಎದ್ದ. "ಆಂಟಿ, ನಿಮ್ಮ ಡೆಕ್ಕಿಗಿಂತ ಪಂಪ್‌ವೆಲ್ ಟ್ರಾಫಿಕ್ ಬೇಗ ಬಿಡ್ತದೆ." ಅವಳು ಜೋರಾಗಿ ನಕ್ಕಳು. ನಾನು ತುಟಿ ನೋಡಿದೆ. ಎರಡೂ ಬದಿ ಸರಿಯಾಗಿ ಎದ್ದಿತ್ತು.

ಎರಡನೆಯ ಸುತ್ತೂ ಹಾಗೆಯೇ ಎಳೆಯಿತು. ಫ್ಯಾನ್ ಬಿಸಿಗಾಳಿಯನ್ನೇ ತಿರುಗಿಸುತ್ತಿತ್ತು. ನಾನು ಗೋಡೆಗೊರಗಿ ನಿಂತಿದ್ದೆ, ಆಟ ನೋಡುತ್ತಿರಲಿಲ್ಲ. ಅವಳ ಬಲಗೈಯ ಬೀಸಣಿಗೆ ಮೆಲ್ಲಗೆ ಮಡಚಿಕೊಳ್ಳುತ್ತಿತ್ತು. ಅವಳು ಕಾರ್ಡುಗಳನ್ನು ಎಡಗೈಗೆ ದಾಟಿಸುತ್ತಿದ್ದಳು, ಮರಳಿ ಬಲಕ್ಕೆ ತರುತ್ತಿದ್ದಳು. ಗಂಟೆ ಬಾರಿಸಿತು. ಮತ್ತೆ ಸಮ. ಎದುರಾಳಿ ಎದ್ದು ಹೋದ. ಆಗ ಅವಳ ಕೈಯಿಂದ ಒಂದು ಕಾರ್ಡು ಜಾರಿ ನೆಲಕ್ಕೆ ಬಿತ್ತು.

ಅವಳು ಅದನ್ನು ನೋಡಿದಳು. ಎತ್ತಲಿಲ್ಲ.

ನನ್ನ ಕಿವಿಯೊಳಗೆ ಕಾರ್ಖಾನೆಯ ಸೈರನ್ ಹೊಡೆದಂತಾಯಿತು. ಕೋಣೆ ದಾಟಿ ಹೋಗುವಾಗ ಯಾರದೋ ಕುರ್ಚಿ ಉರುಳಿಸಿದೆ. ಅವಳ ಮುಂದೆ ಮೊಣಕಾಲೂರಿ, "ನಗು" ಎಂದೆ. ನನ್ನ ಧ್ವನಿ ನನಗೇ ಗುರುತು ಸಿಗಲಿಲ್ಲ. ಅವಳು ನನ್ನ ಮುಖ ನೋಡಿದಳು. ನಗಲಿಲ್ಲ. ಆ ಒಂದು ಕ್ಷಣ ನಾನು ಆಸ್ಪತ್ರೆಯ ದಾರಿಯನ್ನು, ಪ್ರತಿ ತಿರುವನ್ನೂ ಕಂಡೆ.

ಆಮೇಲೆ ಅವಳ ತುಟಿ ಎರಡೂ ಬದಿಗೆ ಸಮವಾಗಿ ಅರಳಿತು. ಎರಡೂ ಕೈ ಎತ್ತಿದಳು; ಬಲಗೈ ಸ್ವಲ್ಪ ತಡವಾಗಿ ಬಂದರೂ ಎಡಗೈಯಷ್ಟೇ ಮೇಲಕ್ಕೆ ಹೋಯಿತು. "ನನಗೆ ಎಂತದೂ ಆಗಲಿಲ್ಲ, ಇಷ್ಟು ಜನರ ಎದುರು ನಾಚಿಕೆ ಆಗ್ತಾ ಉಂಟು" ಎಂದಳು. ಒಂದಕ್ಷರವೂ ತೊದಲಲಿಲ್ಲ.

"ಕಾರ್ಡು ಯಾಕೆ ಎತ್ತಲಿಲ್ಲ?"

"ಸುಸ್ತು. ಬಗ್ಗಲಿಕ್ಕೆ ಬೇಜಾರು. ನೀವೇ ಎತ್ತಿ."

ಎತ್ತಿದೆ. ನೆಲಕ್ಕೆ ಅಂಟಿದ ಕಾರ್ಡನ್ನು ಬಿಡಿಸಲು ಉಗುರು ಹಾಕಬೇಕಾಯಿತು. ಅದೊಂದು ಬ್ಲಾಕರ್.

ಅಂಗಡಿಯವರು ನೀರು ತಂದುಕೊಟ್ಟು ಪಕ್ಕದಲ್ಲಿ ಕೂತರು. "ಸರ್, ಒಂದು ಮಾತು ಹೇಳಲಾ? ಈ ಡೆಕ್ ಸೋಲುವುದಿಲ್ಲ. ಮುಗಿಯುವುದೂ ಇಲ್ಲ. ಬೇರೆಯವರಿಗೆ ಮಧ್ಯೆ ಮಧ್ಯೆ ವಿಶ್ರಾಂತಿ ಉಂಟು. ಅಕ್ಕ ಗಂಟೆ ಹೊಡೆಯುವವರೆಗೆ ಕೂರಬೇಕು. ಅವರನ್ನು ದಣಿಸುವುದು ಎದುರಿನವರಲ್ಲ."

ದಣಿಯಲಿಕ್ಕೆ ಬಿಡಬೇಡಿ ಎಂದಿದ್ದರು ಡಾಕ್ಟರು. ಯಾವ ಏಟೂ ತಾಗದಂತೆ ನಾನು ಕಟ್ಟಿದ ಗೋಡೆಯೊಳಗೆ ಅವಳು ಬೆಳಗ್ಗಿನಿಂದ ಕಲ್ಲು ಹೊರುತ್ತಿದ್ದಳು.

"ಸಾಕು. ಮನೆಗೆ ಹೋಗುವ" ಎಂದೆ.

"ಇನ್ನೊಂದು ಸುತ್ತು ಉಂಟು."

"ಬೇಡ ಮಾರಾಯ್ತಿ."

ಅವಳು ಚೀಲ ತೆರೆದಳು. ನಾನು ಇಟ್ಟ ಮಾತ್ರೆಗಳ ಕೆಳಗಿನಿಂದ ಕಾರ್ಡಿನ ಒಂದು ಕಟ್ಟು ತೆಗೆದಳು. ತಿಂಗಳುಗಳಿಂದ ನಾನು ಹೊರಗಿಟ್ಟ ಅಟ್ಯಾಕರ್‌ಗಳು. ಒಂದೊಂದಕ್ಕೂ ಹೊಸ ಪ್ಲಾಸ್ಟಿಕ್ ಕವರ್ ಹಾಕಿದ್ದಳು, ಆ ಕೈಯಿಂದಲೇ. ಸುತ್ತುಗಳ ನಡುವೆ ಡೆಕ್ ಬದಲಿಸಲು ಅಲ್ಲಿ ಅವಕಾಶವಿತ್ತು. ಬದಲಿಸುವುದಾದರೆ ಅವಳೇ ಬದಲಿಸಬಹುದಿತ್ತು. ಹಾಗೆ ಮಾಡದೆ ಡೆಕ್ಕನ್ನು ನನ್ನ ಕಡೆಗೆ ತಳ್ಳಿದಳು.

"ನಿಮ್ಮ ಬೀಗ. ನಾನು ಮುಟ್ಟುವ ಹಾಗಿಲ್ಲವಲ್ಲ. ಹಾಕಿದವರೇ ತೆಗೆಯಿರಿ."

ಮೂವತ್ತು ವರ್ಷ ಊಟದ ಹೊತ್ತಿಗೆ ನಾನೇ ಹೇಳಿದ ನಿಯಮ. ಕುರ್ಚಿ ಎಳೆದು ಕೂತೆ. ಒಂದು ಬ್ಲಾಕರ್ ತೆಗೆದೆ. ಅದನ್ನು ಯಾವ ಸೋಲಿನ ಬೆಳಗ್ಗೆ ಹಾಕಿದ್ದೆನೆಂದು ನೆನಪಿತ್ತು. ಇನ್ನೊಂದು ತೆಗೆದೆ. ಪ್ರತಿಯೊಂದನ್ನು ತೆಗೆಯುವಾಗಲೂ ಯಾರೋ ಒಳಗಿರುವ ಯಂತ್ರದ ಸ್ವಿಚ್ಚಿನಿಂದ ಬೀಗ ಕಳಚುತ್ತಿದ್ದೇನೆ ಅನಿಸುತ್ತಿತ್ತು. ಅವಳು ಎದುರಿಗೆ ಕೂತು ಒಂದೊಂದಾಗಿ ತನ್ನ ಕಾರ್ಡು ಕೊಡುತ್ತ ಹೋದಳು. ಕೊನೆಗೆ ಅಂಗಡಿಯವರು ಅರವತ್ತು ಎಣಿಸಿ ನೋಡಿ ತಲೆಯಾಡಿಸಿದರು. ಬ್ಲಾಕರ್‌ಗಳು ನನ್ನ ಅಂಗಿಯ ಜೇಬು ಸೇರಿದವು.

ಮೂರನೆಯ ಎದುರಾಳಿ ದಂತವೈದ್ಯಕೀಯ ಕಲಿಯುವ ಹುಡುಗಿ, ಬಹಳ ಚುರುಕು. ಆ ಹುಡುಗಿಯ ಏಟುಗಳು ಒಂದೂ ತಪ್ಪದೆ ತಾಗಿದವು. ತಡೆಯುವುದಕ್ಕೆ ಏನೂ ಇರಲಿಲ್ಲ. ನನ್ನ ಹೆಂಡತಿಯ ಅಂಕ ಇಳಿಯುತ್ತಿದ್ದಂತೆ ನನ್ನ ಕೈ ಅರಿವಿಲ್ಲದೆ ಜೇಬಿಗೆ ಹೋಗಿ ಬರುತ್ತಿತ್ತು. ಅವಳು ಮಾತ್ರ ಕಾರ್ಡು ಬಡಿದು ಬಡಿದು ಇಡುತ್ತಿದ್ದಳು. "ತಗೋ" ಎನ್ನುತ್ತಿದ್ದಳು. "ಇದನ್ನು ನೋಡು ಈಗ." ಹುಡುಗಿ, "ಅಯ್ಯೋ ಆಂಟಿ, ಇಷ್ಟು ಹೊತ್ತು ಇದನ್ನೆಲ್ಲ ಎಲ್ಲಿ ಅಡಗಿಸಿ ಇಟ್ಟಿದ್ರಿ?" ಎಂದು ನಗುತ್ತಿದ್ದಳು.

ಹೆಂಡತಿ ಸೋತಳು. ಆ ಸುತ್ತಿನಲ್ಲಿ ಎಲ್ಲಕ್ಕಿಂತ ಮೊದಲು ಮುಗಿದದ್ದು ಅದೇ ಮೇಜು. ಅಂಕ ಸೊನ್ನೆಯಾದಾಗ ನಾನು ಅವಳ ತುಟಿ ನೋಡಿದೆ. ಅವಳು ಬಲಗೈ ಚಾಚಿ ಹುಡುಗಿಯ ಕೈ ಕುಲುಕಿದಳು, ಬಗ್ಗಿ ಚಪ್ಪಲಿ ಹುಡುಕಿದಳು, ಎದ್ದಳು.

"ಹಸಿವಾಗ್ತದೆ" ಎಂದಳು. "ಹೋಗುವ."

ಮೆಟ್ಟಿಲ ಬಾಯಲ್ಲಿ ನಾನು ತೋಳು ಕೊಟ್ಟೆ. ಅವಳು ನನ್ನ ಆ ತೋಳಿಗೆ ಚೀಲ ತಗುಲಿಸಿ ಬಲಗೈಯಿಂದ ಹಿಡಿಕೆ ಹಿಡಿದಳು. ಆ ಬೆರಳುಗಳನ್ನು ನನಗೆ ನಂಬಲಾಗಲಿಲ್ಲ. ಅವಳಿಗಿಂತ ಒಂದು ಮೆಟ್ಟಿಲು ಕೆಳಗೆ ಇಳಿದು, ಅವಳ ಕಡೆಗೆ ಮುಖ ಮಾಡಿ, ಕೆಳಗಿನ ಮೆಟ್ಟಿಲುಗಳಿಗೆ ಬೆನ್ನು ಹಾಕಿ ನಿಂತೆ. ಜಾರಿದರೆ ನನ್ನ ಮೇಲೆ ಬೀಳಲಿ ಎಂದು.

"ಎಂತ, ಹೀಗೇ ಇಳಿಯುವುದಾ ಕೆಳಗಿನವರೆಗೆ?"

"ಹೌದು."

"ಆಯ್ತು. ಒಂದು ಬ್ಲಾಕರ್ ಇರಲಿ" ಎಂದು ಕಾಲು ಮುಂದಿಟ್ಟಳು.