‘ನಮ್ಮದೇ ನಿರ್ಧಾರ’ ಎಂದು ಹೇಳಿಸುವ ಕೆಲಸ

ತೊಂಬತ್ತರ ದಶಕದ ನಡುವಿನಲ್ಲಿ ನಾನು ವಾಷಿಂಗ್ಟನ್ನಿನ ಒಂದು ಕನ್ಸಲ್ಟಿಂಗ್ ಕಂಪನಿಯಲ್ಲಿದ್ದೆ. ಯುದ್ಧದಲ್ಲಿ ಬೆಂದು, ಸರ್ಕಾರವೆಂಬುದು ಆಗಷ್ಟೇ ಎದ್ದು ಕೂರುತ್ತಿದ್ದ ಬಡ ದೇಶಗಳಿಗೆ ಶ್ರೀಮಂತ ದೇಶಗಳು ನೆರವು ಕೊಡುತ್ತಿದ್ದವು, ಜೊತೆಗೆ ಸುಧಾರಣೆಯ ಷರತ್ತುಗಳನ್ನೂ ಹಾಕುತ್ತಿದ್ದವು. ಷರತ್ತು ಬರೆಯುವವರು ನಾವು. ಬರೆದಾದ ಮೇಲೆ, ಆ ದೇಶದ ಮಂತ್ರಿಯ ಬಾಯಿಂದಲೇ ‘ಇದು ನಮ್ಮದೇ ನಿರ್ಧಾರ’ ಎಂದು ಹೇಳಿಸುವುದೂ ನಮ್ಮ ಕೆಲಸವೇ. ಹೊರಗಿನವರು ಹೇರಿದ ಸುಧಾರಣೆ ನಿಲ್ಲುವುದಿಲ್ಲ, ಒಳಗಿನಿಂದ ಬಂದದ್ದು ಮಾತ್ರ ನಿಲ್ಲುತ್ತದೆ ಎಂಬುದು ದಾನಿಗಳ ಹೊಸ ಶಾಸ್ತ್ರವಾಗಿತ್ತು. ಕೋತಿ ತಾನು ಮೊಸರನ್ನ ತಿಂದು ಮೇಕೆಯ ಬಾಯಿಗೆ ಒರೆಸಿತಂತೆ, ಅಂತ ನಮ್ಮಜ್ಜಿ ಹೇಳುತ್ತಿದ್ದಳು. ಒರೆಸುವುದಕ್ಕೆ ಸಂಬಳ ಕೊಡುತ್ತಾರೆ ಅಂತ ಅವಳಿಗೇನು ಗೊತ್ತು, ಪಾಪ.

ನಮ್ಮ ಬಾಸ್ ಮೈಸೂರಿನವರು. ಊರಾಚೆಯ ರಾಕ್‌ವಿಲ್‌ನಲ್ಲಿ ಮನೆ. ಕನ್ನಡದವರು ಮನೆಯಡುಗೆ ತಂದು ಕೂಡುವ ಪಾಟ್‌ಲಕ್‌ಗಳಲ್ಲಿ ಕಣ್ಣು ಮುಚ್ಚಿ ದೇವರನಾಮ ಹಾಡುತ್ತಿದ್ದರು, ಮಕ್ಕಳೆಲ್ಲ ‘ಅಂಕಲ್, ಅಂಕಲ್’ ಎಂದು ಮುತ್ತಿಕೊಳ್ಳುತ್ತಿದ್ದವು. ದೇವರಂಥ ಮನುಷ್ಯ ಎಂದು ಊರಿಗೆಲ್ಲ ಹೆಸರು. ಮೇಲೆ ಬಸಪ್ಪ, ಒಳಗೆ ವಿಷಪ್ಪ ಎಂಬುದು ಆಫೀಸಿನಲ್ಲಿದ್ದ ನನಗೊಬ್ಬಳಿಗೆ ಗೊತ್ತು. ಕನ್ನಡ ಅಲ್ಲಿ ನಮ್ಮಿಬ್ಬರಿಗೇ ಬರುತ್ತಿದ್ದದ್ದು. ಬಂದ ಅತಿಥಿಗಳ ಎದುರೇ ನಗುನಗುತ್ತಾ ಅವರು ಕನ್ನಡದಲ್ಲಿ ಏನು ಬೇಕಾದರೂ ಅನ್ನುತ್ತಿದ್ದರು. ಅತಿಥಿಗಳು ತಾವೂ ನಗುತ್ತಿದ್ದರು.

ಆ ವರ್ಷ ಬಂದವರು ಅಂಥದೊಂದು ದೇಶದ ಶಿಕ್ಷಣ ಮಂತ್ರಿ. ಯುದ್ಧಕ್ಕೆ ಮೊದಲು ಗಣಿತದ ಮೇಷ್ಟರು. ದಾನಿಗಳ ಸಭೆಗೆ ಮುಂಚೆ ನಮ್ಮ ಆಫೀಸಿನಲ್ಲಿ ತಾಲೀಮು ನಡೆಯುತ್ತಿತ್ತು. ನಾವು ಒಬ್ಬೊಬ್ಬರು ಒಂದೊಂದು ದಾನಿ ದೇಶವಾಗಿ ಮೇಜಿನ ಆಚೆ ಕೂತು, ಮಂತ್ರಿಯನ್ನು ಈಚೆ ಕೂರಿಸಿ, ಸಿಕ್ಕಾಪಟ್ಟೆ ಪ್ರಶ್ನೆ ಕೇಳುತ್ತಿದ್ದೆವು. ನಾನು ಯಾವಾಗಲೂ ಯುರೋಪಿನ ಒಂದು ದೇಶ. ಸಂಬಳದ ಹೊರೆ ಇಳಿಸಲು ಪ್ರೈಮರಿ ಶಾಲೆಗಳ ಅರ್ಧದಷ್ಟು ಮೇಷ್ಟರನ್ನು ತೆಗೆಯಬೇಕು ಎಂಬುದು ಈ ಸಲದ ಷರತ್ತು.

ಮಂತ್ರಿ ಎಲ್ಲದಕ್ಕೂ ಒಪ್ಪಿದರು. ಒಂದೇ ಒಂದು ಕೇಳಿಕೊಂಡರು. ‘ದಾನಿಗಳ ಸಲಹೆಯ ಮೇರೆಗೆ’ ಎಂಬ ಮಾತೊಂದು ತನ್ನ ಭಾಷಣದಲ್ಲಿ ಇರಲಿ ಎಂದು.

“ನಮ್ಮಲ್ಲಿ ಸರ್ಕಾರ ಯಾವಾಗ ಬೀಳುತ್ತದೆ ಅಂತ ಹೇಳಲಾಗದು. ಬಿದ್ದ ದಿನ, ನಾನೇ ಮಾಡಿದೆ ಎಂದವನನ್ನು ಹಿಡಿಯುತ್ತಾರೆ” ಎಂದರು. “ಸಲಹೆ ಇತ್ತು ಅಂತ ಇದ್ದರೆ ನಾನು ಬದುಕಿಕೊಳ್ಳುತ್ತೇನೆ.”

ಬಾಸ್ ಮಂತ್ರಿಯ ಕೈಮೇಲೆ ಕೈಯಿಟ್ಟರು. “ಮಂತ್ರಿಗಳೇ, ಆ ಮಾತು ನಿಮ್ಮನ್ನು ಸೂತ್ರದ ಗೊಂಬೆ ಮಾಡುತ್ತದೆ. ಸ್ವಾಭಿಮಾನ ಇರುವ ದೇಶಕ್ಕೇ ಇವರು ಕೊಡುವುದು.” ಆಮೇಲೆ ನನ್ನ ಕಡೆ ತಿರುಗಿ ಅದೇ ನಗುವಿನಲ್ಲಿ ಕನ್ನಡದಲ್ಲಿ ಹೇಳಿದರು: “ಆಸಾಮಿಗೆ ಇನ್ನೂ ನಾಲಿಗೆ ತಿರುಗ್ತಿಲ್ಲ. ಇನ್ನೊಂದ್ ರೌಂಡ್ ರುಬ್ಬೋಣ.”

ರುಬ್ಬಿದೆವು. ‘ನಮ್ಮದೇ ನಿರ್ಧಾರ’ ಎನ್ನುವಾಗ ಮಂತ್ರಿಯ ಕಣ್ಣು ಕೆಳಗಿಳಿಯುತ್ತಿತ್ತು. ಇಳಿಯದ ಹಾಗೆ ಆಗುವ ತನಕ ಹೇಳಿಸಿದೆವು. ಮಾರನೆಯ ದಿನ ಸಭೆಯಲ್ಲಿ ಅವರು ತಲೆಯೆತ್ತಿ ಹೇಳಿದಾಗ ದಾನಿಗಳು ಚಪ್ಪಾಳೆ ತಟ್ಟಿದರು. ನೆರವು ಮಂಜೂರಾಯಿತು. ಊಟದ ಹೊತ್ತಿಗೆ ಮಂತ್ರಿ ನನ್ನ ಪಕ್ಕ ಬಂದು, ತಟ್ಟೆಯಲ್ಲಿದ್ದುದನ್ನು ಮುಟ್ಟದೆ, “ನಾನು ಚೆನ್ನಾಗಿ ಹೇಳಿದೆನಾ?” ಎಂದು ಪಾಠ ಒಪ್ಪಿಸಿದವರಂತೆ ಕೇಳಿದರು. ಚೆನ್ನಾಗಿ ಹೇಳಿದಿರಿ ಎಂದೆ. ನಿಜವಾಗಿಯೂ ಚೆನ್ನಾಗಿಯೇ ಹೇಳಿದ್ದರು.

ಮೇಷ್ಟರುಗಳ ಕೆಲಸ ಹೋಯಿತು. ಹಳ್ಳಿಗಳಲ್ಲಿ ಶಾಲೆಗಳಿಗೆ ಬೀಗ ಬಿತ್ತು, ಜನ ಬೀದಿಗಿಳಿದರು, ಸರ್ಕಾರ ಬಿತ್ತು. ಹೊಸದಾಗಿ ಬಂದವರು ಮೊದಲು ಹಿಡಿದದ್ದು ಈ ಮನುಷ್ಯನನ್ನೇ. ದೇಶದ ಶಾಲೆಗಳನ್ನು ಹಾಳುಗೆಡವಿದ ದ್ರೋಹಿ ಎಂದು ಮೊಕದ್ದಮೆ ಹೂಡಿದರು. ಮರಣದಂಡನೆಯನ್ನೂ ಕೊಡಬಹುದು ಎಂಬ ಸುದ್ದಿ ಆಫೀಸಿಗೆ ಬಂತು. ಬಾಸ್ ಅದನ್ನು ಓದಿ ಮಡಚಿಟ್ಟು ಊಟಕ್ಕೆ ಹೋದರು.

ಕೆಲವು ವಾರಗಳ ಮೇಲೆ ಮಂತ್ರಿಯ ಹೆಂಡತಿ ವಾಷಿಂಗ್ಟನ್ನಿಗೆ ಬಂದಳು. ಯಾರ ಯಾರನ್ನೋ ಕಾಡಿ ವೀಸಾ ಪಡೆದು, ಚಳಿಗಾಲದಲ್ಲಿ ತೆಳ್ಳನೆಯ ಕೋಟಿನಲ್ಲಿ ನಮ್ಮ ಬಾಗಿಲಿಗೆ ಬಂದು ನಿಂತಳು. ಬಾಸ್ ತಾವೇ ಎದ್ದು ಹೋಗಿ ಕರೆತಂದು, ಕುರ್ಚಿ ಎಳೆದು ಕೂರಿಸಿ, ಕಾಫಿ ಕೊಟ್ಟರು. ನನ್ನನ್ನೂ ಕೂರಲು ಹೇಳಿದರು. ಆಕೆ ಬೇಡಿದ್ದು ಇಷ್ಟೆ: ಆ ವಿಚಾರ ಹೊರಗಿನಿಂದ ಬಂದದ್ದು ಎಂದು ಕೋರ್ಟಿಗೆ ನೀವು ಒಂದು ಮಾತು ಹೇಳಿ.

ನನಗೆ ತಡೆಯಲಾಗಲಿಲ್ಲ. “ಸರ್, ‘ಸಲಹೆಯ ಮೇರೆಗೆ’ ಅನ್ನೋ ಮಾತು ಬೇಡ ಅಂದಿದ್ದು ನೀವೇ ಅಲ್ವಾ? ಹೇಳ್ಬಿಡಿ ಸರ್, ಒಂದು ಜೀವ ಉಳಿಯತ್ತೆ” ಎಂದು ಕನ್ನಡದಲ್ಲಿ ಅಂದೆ.

“ಹೇಳ್ಬಿಟ್ರೆ ಹೊಸ ಗವರ್ನಮೆಂಟು ನಮ್ಮನ್ನ ಹೈರ್ ಮಾಡತ್ತೇನಮ್ಮ?” ಬಾಸ್ ಅಕ್ಕರೆಯಿಂದ ತಲೆಯಾಡಿಸಿದರು. “ನಗ್ತಾ ಇರಿ, ಆಯಮ್ಮ ನೋಡ್ತಿದ್ದಾರೆ.”

ನಾನು ನಗಲಿಲ್ಲ. ನಕ್ಕದ್ದು ಆಕೆ. ನಾವು ಅವಳ ಪರವಾಗಿ ಮಾತಾಡಿಕೊಳ್ಳುತ್ತಿದ್ದೇವೆ ಎಂದುಕೊಂಡಿರಬೇಕು. ಮುಖ ಬಿಚ್ಚಿತು, ಧೈರ್ಯ ಬಂತು, ಹೇಳದೆ ಇಟ್ಟುಕೊಂಡಿದ್ದನ್ನೂ ಹೇಳಿದಳು.

“ಅದು ಅವರ ವಿಚಾರ ಆಗಿರಲು ಸಾಧ್ಯವೇ ಇಲ್ಲ. ನಾನೂ ಪ್ರೈಮರಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ಕೆಲಸ ಹೋದವರಲ್ಲಿ ನಾನೂ ಒಬ್ಬಳು. ಸ್ವಂತ ಬುದ್ಧಿಯಿಂದ ಯಾರಾದರೂ ತನ್ನ ಹೆಂಡತಿಯ ಕೆಲಸ ತೆಗೆಯುತ್ತಾರೆಯೇ?”

ಬಾಸ್ ಕಾಫಿ ಲೋಟ ಕೆಳಗಿಟ್ಟರು. “ನಿಮ್ಮನ್ನೂ ತೆಗೆದರೇ?” ಎಂದು ಮೆಲ್ಲಗೆ ಕೇಳಿದರು. ಯಾವ ಶಾಲೆ, ಎಷ್ಟು ವರ್ಷದ ಸರ್ವಿಸು, ಮನೆಯಲ್ಲಿ ಮಂತ್ರಿಗಳು ಅದನ್ನು ಹೇಗೆ ಹೇಳಿದರು, ಎಲ್ಲ ವಿಚಾರಿಸಿದರು. ಒಬ್ಬಳನ್ನು ಉಳಿಸಿದರೆ ಮಿಕ್ಕವರ ಮುಖ ನೋಡುವುದು ಹೇಗೆ ಎಂದು ಗಂಡ ಅತ್ತಿದ್ದನ್ನೂ ಆಕೆ ಹೇಳಿದಳು. ಬಾಸ್ ಅವರ ಕಣ್ಣು ಒದ್ದೆಯಾದಂತೆ ಕಂಡಿತು. ಕೊನೆಗೂ ಈ ಕಲ್ಲು ಕರಗಿತಲ್ಲ ಎಂದು ನನ್ನ ಜೀವ ಹಗುರಾಯಿತು. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಕೋರ್ಟಿಗೆ ನಮ್ಮ ಕಂಪನಿಯ ಹೇಳಿಕೆ ಹೋಯಿತು. ಹೊರಗಿನ ಒತ್ತಡ ಯಾವುದೂ ಇರಲಿಲ್ಲ ಎಂಬುದು ಅದರ ಮೊದಲ ಸಾಲು. ಈ ಸುಧಾರಣೆಯಲ್ಲಿ ಮಾಜಿ ಮಂತ್ರಿಗಳಿಗೆ ಎಷ್ಟು ನಂಬಿಕೆಯಿತ್ತೆಂದರೆ ಸ್ವಂತ ಹೆಂಡತಿಯ ಕೆಲಸವನ್ನೂ ಅವರು ಉಳಿಸಲಿಲ್ಲ, ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ ಎಂದು ಅದರಲ್ಲಿತ್ತು. ಹೊಸ ಸರ್ಕಾರಕ್ಕೆ ಬೇಕಾದದ್ದು ಅದೇ. ಅದೇ ವಾರ ನಮಗೂ ಅವರಿಂದ ಹೊಸ ಕೆಲಸ ಬಂತು. ನೀವು ಮಾಡಿದ್ದು ಹಾಳು ಕೆಲಸ ಎಂದು ಬಾಸ್ ಅವರ ಮುಖದ ಮೇಲೆಯೇ ಅಂದೆ. “ಬೇಜಾರ್ ಮಾಡ್ಕೋಬೇಡಿ, ಲೀವ್ ತಗೊಳ್ಳಿ” ಎಂದರು.

ತೀರ್ಪು ಬಂದ ಮೇಲೆ ಆಕೆ ತನ್ನ ಊರಿನಿಂದ ಆಫೀಸಿಗೆ ಫೋನ್ ಮಾಡಿದಳು. ನಾನೇ ಎತ್ತಿದೆ. ಬೈಯಲಿಲ್ಲ, ಅಳಲಿಲ್ಲ. ಬೆಳಿಗ್ಗೆ ಅವರಿಗೆ ಗುಂಡು ಹೊಡೆದರು ಎಂದಳು.

“ಒಂದೇ ಕೇಳಬೇಕಿತ್ತು” ಎಂದಳು. “ಕೋರ್ಟಿನಲ್ಲಿ ನಿಮ್ಮ ಹೇಳಿಕೆ ಓದಿದರು. ನನ್ನ ಕೆಲಸ ಹೋದದ್ದು ನಿಮಗೆ ಮೊದಲೇ ಗೊತ್ತಿತ್ತೇ? ಅಥವಾ ನಾನು ಬಂದು ಹೇಳಿದ ಮೇಲೆ ಗೊತ್ತಾಯಿತೇ?”

ಸುಳ್ಳು ಹೇಳುವವರು ಆ ಆಫೀಸಿನಲ್ಲಿ ಬೇಕಾದಷ್ಟು ಜನರಿದ್ದರು. ನೀವು ಹೇಳಿದ ಮೇಲೆ, ಎಂದೆ.

ಥ್ಯಾಂಕ್ಯೂ ಎಂದು ಹೇಳಿ ಆಕೆ ಫೋನ್ ಇಟ್ಟಳು.