ಬಕೆಟ್ ಅಡಿಯ ಜಾಡಿ

ವರ್ತೂರಿನಲ್ಲಿ ದೊಡ್ಡಮ್ಮನ ಬೋರ್‌ವೆಲ್ ಬತ್ತಿದ್ದೇ ತಡ, ಪಕ್ಕದ ಜೀನ್ಸ್ ತೊಳೆಯುವ ಕಾರ್ಖಾನೆಯವರಿಗೆ ಅವಳ ಮೇಲೆ ಪ್ರೀತಿ ಉಕ್ಕಿತು. ಅವಳ ಸೊಪ್ಪಿನ ಮಡಿಗಳಿಗೆ ಪುಕ್ಕಟೆ ನೀರು ಬಿಡುತ್ತಾರಂತೆ, ಶುದ್ಧ ಮಾಡಿದ ನೀರು. ನಾನು ಅವಳ ಮನೆಗೆ ಹೋಗಿದ್ದ ದಿನವೇ ನಂಬಿಸಲು ಒಬ್ಬ ಎಂಜಿನಿಯರ್ ಬಂದ. ಎರಡು ಗಾಜಿನ ಜಾಡಿಗಳಲ್ಲಿ ಕಾರ್ಖಾನೆಯ ಕಡುನೀಲಿ ನೀರು, ಪೊಟ್ಟಣದಲ್ಲಿ ಬಿಳಿ ಪುಡಿ.

"ಇದು ಕ್ಯಾಟಲಿಸ್ಟ್ ಅಮ್ಮಾ. ಬಿಸಿಲು ಬಿದ್ರೆ ಸಾಕು, ಬಣ್ಣಾನ ಒಡೆದು ಚಿಂದಿ ಮಾಡ್ಬಿಡುತ್ತೆ. ತಾನು ಮಾತ್ರ ಹಂಗೇ ಇರುತ್ತೆ."

ಒಂದು ಜಾಡಿಗೆ ಪುಡಿ ಹಾಕಿದ. ಇನ್ನೊಂದಕ್ಕೆ ಹಾಕಲಿಲ್ಲ. ಎರಡನ್ನೂ ಬಿಸಿಲಿಗಿಟ್ಟ. ಎದುರಾಳಿ ಏನನ್ನು ತೋರಿಸುತ್ತಿಲ್ಲವೋ ಅದನ್ನೇ ಹಿಡಿ ಎಂದು ಕಾಲೇಜಿನ ಚರ್ಚಾಸ್ಪರ್ಧೆಗಳು ನನಗೆ ಕಲಿಸಿದ್ದವು.

"ಸಾರ್, ಎರಡನೇದಕ್ಕೂ ಪುಡಿ ಹಾಕಿ. ಅದರ ಮೇಲೆ ಬಕೆಟ್ ಕವುಚೋಣ. ಕತ್ತಲಲ್ಲಿ ಬಣ್ಣ ಹೋಗಬಾರದು ತಾನೆ?"

"ಯಾಕೆ ಮೇಡಂ, ನಂಬಿಕೆ ಇಲ್ವಾ?"

"ಇಲ್ಲ."

ಅವನು ಪುಡಿ ಹಾಕಿದ, ನಾನು ಬಕೆಟ್ ಕವುಚಿದೆ. ಎಲ್ಲರೂ ಕಾಫಿ ಕುಡಿದು ಬಂದು ಬಕೆಟ್ ಎತ್ತಿದೆವು. ಎರಡೂ ಜಾಡಿಗಳಲ್ಲಿ ನೀರು ತಿಳಿಯಾಗಿತ್ತು. ಎರಡರ ತಳದಲ್ಲೂ ನೀಲಿ ಕೆಸರು ಕೂತಿತ್ತು. ಬಿಸಿಲಿನ ಮಾತು ಸುಳ್ಳಾಯಿತು, ಗೆದ್ದೆ ಎಂದುಕೊಂಡೆ.

"ಬಿಸಿಲೂ ಬ್ಯಾಡ ಅಂತಾಯ್ತಲ್ಲ, ಇನ್ನೂ ಒಳ್ಳೇದೇ ಆಯ್ತು ಬಿಡು!" ಎಂದು ನೋಡಲು ಬಂದಿದ್ದ ಪಕ್ಕದ ಹೊಲದವನು ಚಪ್ಪಾಳೆ ತಟ್ಟಿದ.

ಎಂಜಿನಿಯರ್ ನಕ್ಕ. "ನೋಡಿ, ನೀವೇ ಪ್ರೂವ್ ಮಾಡ್ಕೊಟ್ರಿ."

ಅವನಿಗೆ ಸತ್ಯ ಗೊತ್ತಿತ್ತು. ನನ್ನ ಮೈ ಉರಿದದ್ದು ಅದಕ್ಕೇ. "ಯಾವುದೂ ಒಡೆದಿಲ್ಲ ಸಾರ್! ಬಣ್ಣ ಪುಡಿಗೆ ಅಂಟಿಕೊಂಡಿದೆ, ಅಷ್ಟೇ. ಬಿಳಿ ಪುಡಿ ನೀಲಿಯಾಗಿರೋದು ಕಾಣಲ್ವಾ? ಈ ಕೆಸರನ್ನ ಎಲ್ಲಿ ಸುರೀತೀರಿ? ಬಣ್ಣ ಬಿಟ್ಟು ಈ ನೀರಲ್ಲಿ ಇನ್ನೇನಿದೆ, ಪರೀಕ್ಷೆ ಮಾಡಿಸಿದ್ದೀರಾ?"

"ಅದು ನನ್ನ ಡಿಪಾರ್ಟ್‌ಮೆಂಟ್ ಅಲ್ಲ ಮೇಡಂ."

ದೊಡ್ಡಮ್ಮ ಬಾಡಿದ ಮಡಿಗಳ ಕಡೆ ನೋಡಿದಳು. "ನಿನ್ ಮಾತು ಸರೀನೇ ಕಣವ್ವ. ಆದ್ರೆ ಸೊಪ್ಪು ನಿನ್ ಮಾತು ಕುಡ್ಕಂಡು ಬದುಕ್ತದಾ?"

ಬೇರೆ ನೀರು ಎಲ್ಲಿದೆ ಎಂದು ನನ್ನ ಯಾವ ವಾದವೂ ಹೇಳಲಿಲ್ಲ. ಪೈಪು ಬಂತು. ದಂಟು, ಕೊತ್ತಂಬರಿ ಎಲ್ಲ ಸೊಂಪಾಗಿ ಎದ್ದವು.

ಮುಂದಿನ ತಿಂಗಳು ಹೋದಾಗ ದೊಡ್ಡಮ್ಮ ಜಗುಲಿಯ ಮೇಲೆ ಸೊಪ್ಪಿನ ಕಟ್ಟು ಕಟ್ಟುತ್ತಿದ್ದಳು. ಸಾರಿಗೆಂದು ಒಂದು ಕಟ್ಟು ಎತ್ತಿಕೊಂಡೆ. ಥಟ್ಟನೆ ಕಿತ್ತುಕೊಂಡಳು.

"ಅದ್ ಬ್ಯಾಡ. ಅದು ಮಾರತ್ತಹಳ್ಳಿ ಮಾರ್ಕೆಟ್‌ಗೆ ಓಗೋದು. ನಮ್ಗೆ ಅಂಗಡೀಲಿ ತರ್ಸಿವ್ನಿ."

"ಅಂಗಡಿಗೆ ಎಲ್ಲಿಂದ ಬರುತ್ತೆ ದೊಡ್ಡಮ್ಮಾ?" ಎಂದು ಕಿರುಚಿದೆ.

ಅವಳು ಬಾಳೆನಾರು ಸುತ್ತಿ ಇನ್ನೊಂದು ಕಟ್ಟು ಬಿಗಿದಳು.